ರಿಪೇರಿ ಆದ್ಮೇಲೆ ಟೆಂಪರೇಚರ್ ಮುಳ್ಳು ಏಳ್ತಾನೇ ಇಲ್ಲ

ಪ್ರಶ್ನೆ: ಸರ್, ನಮ್ಮದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ, ಅಪ್ಪ ತಗೊಂಡಿದ್ದು. ಹೋದ ತಿಂಗಳು ಚಾರ್ಮಾಡಿ ಹತ್ತೋವಾಗ ಬಿಸಿಯಾಗಿ ನಿಂತೋಯ್ತು. ಗ್ಯಾರೇಜಲ್ಲಿ ಹೆಡ್ ಗ್ಯಾಸ್ಕೆಟ್ ಹಾಕಿ, ರೇಡಿಯೇಟರ್ ತೊಳೆಸಿ, ಟೆಂಪರೇಚರ್ ಸೆನ್ಸರೂ ಹೊಸದು ಹಾಕಿ ಕೊಟ್ರು. ಈಗ ಎಷ್ಟು ದೂರ ಓಡಿಸಿದ್ರೂ ಮುಳ್ಳು 'ಸಿ' (ಕೋಲ್ಡ್, ತಣ್ಣಗಿನ ಗುರುತು) ಬಿಟ್ಟು ಕದಲಲ್ಲ, ಪೆಟ್ರೋಲ್ ಮುಳ್ಳು ಮಾತ್ರ ಸರಿಯಾಗಿದೆ. ಕೇಳಿದ್ರೆ ಮೀಟರ್ ಬೋರ್ಡೇ ಹೋಗಿದೆ, ಗುಜರಿಯಿಂದ ಬೇರೆ ತಂದು ಹಾಕೋಣ ಅಂತಾರೆ. ಬಿಸಿ ಅಂತೂ ತೋರಿಸ್ತಿಲ್ಲವಲ್ಲ, ಹಾಗೇ ಓಡಿಸ್ಲಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹಾಗೇ ಓಡಿಸ್ಬೇಡಿ, ಬೋರ್ಡಿಗೂ ಈಗಲೇ ದುಡ್ಡು ಹಾಕ್ಬೇಡಿ. ರಿಪೇರಿಗೆ ಮುಂಚೆ ಚೆನ್ನಾಗಿದ್ದ ಮುಳ್ಳು ರಿಪೇರಿ ಆದ ದಿನದಿಂದ ಸತ್ತಿದೆ ಅಂದ್ರೆ ಅವರು ಕೈ ಹಾಕಿದ ಜಾಗದಲ್ಲೇ ಹುಡುಕಬೇಕು, ಡ್ಯಾಶ್‌ಬೋರ್ಡಿಗೆ ಯಾರೂ ಕೈ ಹಾಕಿಲ್ಲವಲ್ಲ. ಪಕ್ಕದಲ್ಲೇ ಇರೋ ಪೆಟ್ರೋಲ್ ಮುಳ್ಳು ಸರಿ ಇದೆ ಅಂದ್ಮೇಲೆ ಮೀಟರಿಗೆ ಕರೆಂಟ್ ಬರ್ತಿದೆ ಅಂತಲೂ ಆಯ್ತು.

ಮೊದಲು ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡಿ. ಗ್ಯಾಸ್ಕೆಟ್ ಹಾಕೋಕೆ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದ್ಮೇಲೆ ಒಳಗೆ ಗಾಳಿ ಸಿಕ್ಕಿಹಾಕಿಕೊಳ್ಳೋದು ಮಾಮೂಲಿ, ಸೆನ್ಸರ್ ತುದಿ ನೀರಲ್ಲಿ ಮುಳುಗದೆ ಗಾಳಿಯಲ್ಲಿದ್ರೆ ಇಂಜಿನ್ ಕುದೀತಿದ್ರೂ ಮುಳ್ಳು ಕೆಳಗೇ ಇರುತ್ತೆ, ನಾನು ಬೇಡ ಅಂದಿದ್ದು ಇದಕ್ಕೇ.

ನೀರು ಸರಿ ಇದ್ರೆ ಸೆನ್ಸರಿನ ಒಂಟಿ ವೈರ್ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಆ ವೈರ್ ತುದಿಯನ್ನ ಪಾರ್ಕ್ ಲೈಟಿನ ಚಿಕ್ಕ ಬಲ್ಬ್ ಮೂಲಕ ಇಂಜಿನ್ ಬಾಡಿಗೆ ಮುಟ್ಟಿಸಿ, ಮನೆಯವರೊಬ್ರು ಒಳಗೆ ಕೂತು ಮುಳ್ಳು ನೋಡಲಿ. ಇದು ನಿಧಾನದ ಮುಳ್ಳು, ಹತ್ತು ಸೆಕೆಂಡ್ ಕಾಯಬೇಕು. ಮೇಲೆದ್ರೆ ಮೀಟರೂ ವೈರೂ ಗಟ್ಟಿಮುಟ್ಟಾಗಿವೆ, ಗುಜರಿ ಕಥೆ ಅಲ್ಲಿಗೆ ಮುಗೀತು. ಏಳದಿದ್ರೆ ವೈರ್ ಎಲ್ಲೋ ಕಟ್ಟಾಗಿದೆ, ಇಲ್ಲಾ ಪಿನ್ ಸಡಿಲ ಆಗಿದೆ, ಅದನ್ನೆಲ್ಲ ನೋಡಿದ್ಮೇಲೆ ಬೇಕಾದ್ರೆ ಬೋರ್ಡ್ ಬಿಚ್ಚಿ.

ನನ್ನ ಅನುಮಾನ ಇರೋದು ಸೆನ್ಸರ್ ಕೂರಿಸಿದ ರೀತಿ ಮೇಲೆ. ಒಂದೇ ವೈರಿನ ಸೆನ್ಸರಿಗೆ ಅರ್ಥ್ ವೈರ್ (ಕರೆಂಟ್ ವಾಪಸ್ ಹೋಗೋ ದಾರಿ) ಬೇರೆ ಇರಲ್ಲ, ಅದರ ಮರೆ, ಅಂದ್ರೆ ತಿರುಪಿನ ಸುತ್ತು, ಇಂಜಿನ್ ಲೋಹಕ್ಕೆ ಕಚ್ಚಿಕೊಂಡಿರೋದೇ ಅರ್ಥ್. ನೀರು ಸೋರಬಾರದು ಅಂತ ಪ್ಲಂಬರ್ ಬಳಸೋ ಬಿಳಿ ಟೇಪನ್ನ ನಾಲ್ಕು ಸುತ್ತು ಸುತ್ತಿ ಬಿಗಿದಿದ್ರೆ ಕನೆಕ್ಷನ್ನೇ ತಪ್ಪಿಹೋಗುತ್ತೆ. ನನ್ನ ಹಳೇ ಗಾಡೀಲೂ ಒಬ್ರು ಹೀಗೇ ಮಾಡಿಟ್ಟಿದ್ರು, ನಾನು ಎರಡು ಸೆನ್ಸರ್ ಬದಲಿಸಿದ್ಮೇಲೆ ಮೂರನೇ ಸಲ ಬಿಚ್ಚಿದಾಗ ಮರೆಯ ಸಂದಿಯಲ್ಲಿ ಬಿಳಿ ಎಳೆ ಕಂಡಿದ್ದು, ಅಲ್ಲೀವರೆಗೂ ಅಂಗಡಿಯವನನ್ನೇ ಬೈಕೊಂಡು ಓಡಾಡ್ತಿದ್ದೆ. ಪರೀಕ್ಷೆ ಸುಲಭ: ಸೆನ್ಸರಿಗೆ ವೈರ್ ವಾಪಸ್ ಹಾಕಿ ಗಾಡಿ ಬಿಸಿಯಾದ್ಮೇಲೆ ಇನ್ನೊಂದು ತುಂಡು ವೈರನ್ನ ಸೆನ್ಸರಿನ ಸ್ಪ್ಯಾನರ್ ಕೂರೋ ಜಾಗದಿಂದ ಬ್ಯಾಟರಿ ಮೈನಸ್ಸಿಗೆ ಹಿಡೀರಿ, ಫ್ಯಾನ್ ಬ್ಲೇಡಿಂದ ಕೈ ದೂರ ಇರಲಿ. ಮುಳ್ಳು ಎದ್ರೆ ಟೇಪ್ ಕಿತ್ತು ಒಂಚೂರು ಲಿಕ್ವಿಡ್ ಸೀಲಂಟ್ ಹಚ್ಚಿ ಹಾಕಿಸಿ. ಸೆಲ್ಫ್ ಕೂಡ ಎಳೆದಾಡಿಕೊಂಡು ತಿರುಗ್ತಿದ್ರೆ ಇಂಜಿನ್ನಿನ ಅರ್ಥ್ ಪಟ್ಟಿ ವಾಪಸ್ ಹಾಕೋದನ್ನೇ ಮರೆತಿರಬಹುದು.

ಇಷ್ಟಕ್ಕೂ ಆಗದಿದ್ರೆ ಸೆನ್ಸರೇ ತಪ್ಪು ಮಾಡೆಲ್ಲೋ ಏನೋ. ಬಿಚ್ಚಿ ಮಲ್ಟಿಮೀಟರನ್ನ ಓಂ (ಕರೆಂಟಿಗೆ ಎಷ್ಟು ತಡೆ ಅಂತ ತೋರಿಸೋ ಅಳತೆ) ಮೇಲಿಟ್ಟು ಪಾತ್ರೆ ನೀರಲ್ಲಿ ತುದಿ ಅದ್ದಿ ಕಾಯಿಸಿ, ನಿಮ್ಮ ಎತ್ತರದಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ, ಅಷ್ಟು ಸಾಕು. ಬಿಸಿ ಏರಿದ ಹಾಗೆ ಓಂ ಇಳೀಬೇಕು. ಇಳೀದಿದ್ರೆ ವಾಪಸ್ ಕೊಡಿ.

ಇನ್ನೊಂದು, ಇಂಜಿನ್ ಬಿಸಿಯಾಗೋವರೆಗೂ ರೇಡಿಯೇಟರಿಗೆ ನೀರು ಬಿಡದೆ ತಡೆಯೋ ಥರ್ಮೋಸ್ಟಾಟ್ ವಾಲ್ವ್ ತೆಗೆದು ಬಿಸಾಕಿದ್ದಾರಾ ಅಂತ ಕೇಳಿ. 'ಗಾಡಿ ತಣ್ಣಗಿರುತ್ತೆ' ಅಂತ ಎಷ್ಟೋ ಜನ ಹಾಗೆ ಮಾಡ್ತಾರೆ, ಆಮೇಲೆ ಖಾಲಿ ರೋಡಲ್ಲಿ ಮುಳ್ಳು ಏಳೋದೇ ಕಷ್ಟ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ. ಇದೆಲ್ಲ ನೋಡಿ ಮುಗಿಯೋವರೆಗೂ ಕೊಟ್ಟಿಗೆಹಾರಕ್ಕೆ ನೀರುದೋಸೆ ತಿನ್ನೋಕೆ ಹೋಗೋದಾದ್ರೆ ಬಸ್ಸಲ್ಲೇ ಹೋಗಿ.