‘ಓನ್ಲಿ’, ‘ಇಸಂಟ್ ಇಟ್’ ಬಿಟ್ಟು ಇಂಗ್ಲಿಷ್‌ನಲ್ಲಿ ಒತ್ತಿ ಹೇಳುವುದು ಹೇಗೆ?

ಆಫೀಸ್ ಮೀಟಿಂಗ್‌ನಲ್ಲಿ ಮಾತುಮಾತಿಗೂ ‘ಓನ್ಲಿ’, ‘ಇಸಂಟ್ ಇಟ್’ ಬಂದುಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇದಕ್ಕೆ ನಾಚಿಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಕನ್ನಡದಲ್ಲಿ ಒತ್ತಿ ಹೇಳಲು ಪದದ ಕೊನೆಗೆ ಒಂದು ‘ಏ’ ಸಾಕು: ನಾನೇ, ನಿನ್ನೆಯೇ, ಅಲ್ಲೇ. ಆ ‘ಏ’ ಇಂಗ್ಲಿಷ್‌ಗೆ ಹೋದಾಗ ‘ಓನ್ಲಿ’, ‘ಇಟ್‌ಸೆಲ್ಫ್’ ಆಗುತ್ತದೆ. ನಮ್ಮವರಿಗೆ ಅರ್ಥವಾಗುತ್ತದೆ, ಹೊರಗಿನವರು ಬೇರೆ ತಿಳಿಯಬಹುದು. ರವಿಗೇ ಹೇಳಿದೆ ಅನ್ನಲು ‘ಐ ಟೋಲ್ಡ್ ರವಿ ಓನ್ಲಿ’ ಅಂದರೆ, ರವಿಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ ಅಂತಾಗುತ್ತದೆ. ಇಂಗ್ಲಿಷ್‌ನಲ್ಲಿ ಈ ಕೆಲಸವನ್ನು ಹೆಚ್ಚಾಗಿ ದನಿಯೇ ಮಾಡುತ್ತದೆ. ‘ಐ ಟೋಲ್ಡ್ ರವಿ’ ಅನ್ನಿ, ‘ರವಿ’ ಮೇಲೆ ದನಿ ಏರಿಸಿ. ಬರೆಯುವಾಗ ‘ಇಟ್ ವಾಸ್ ರವಿ ಐ ಟೋಲ್ಡ್’. ನೀವು ಮೇಲ್ ಕಳಿಸಿಲ್ಲ ಅಂತ ಯಾರಾದರೂ ಅಂದರೆ ‘ಐ ಡಿಡ್ ಸೆಂಡ್ ಇಟ್’, ಜೋರು ‘ಡಿಡ್’ ಮೇಲಿರಲಿ. ಅಲ್ಲಿ ‘ಸೆಂಟ್’ ಬರಬಾರದು, ಇದು ಜಾಸ್ತಿ ಜನ ಎಡವುವ ಜಾಗ. ‘ಯೆಸ್ಟರ್ಡೇ ಇಟ್‌ಸೆಲ್ಫ್’ ಬದಲು ಸುಮ್ನೆ ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಅಂದರೆ ಸಾಕು.

ಇನ್ನು ‘ಅಲ್ವಾ’, ಇಂಗ್ಲಿಷ್‌ಗೆ ಹೋದಾಗ ‘ಇಸಂಟ್ ಇಟ್’ ಆಗುವುದು ಇದೇ. ನಮ್ಮದು ಎಲ್ಲ ಮಾತಿಗೂ ಹೊಂದುತ್ತದೆ. ಇಂಗ್ಲಿಷ್‌ನದು ಅದಕ್ಕೂ ಮೊದಲು ಬಂದ ಕ್ರಿಯಾಪದ ನೋಡಿ ಬದಲಾಗುತ್ತದೆ: ‘ಯು ಆರ್ ಕಮಿಂಗ್, ಆರಂಟ್ ಯು?’, ‘ಹೀ ಸೆಂಟ್ ಇಟ್, ಡಿಡಂಟ್ ಹೀ?’, ‘ಶೀ ಕಾಂಟ್ ಕಮ್, ಕ್ಯಾನ್ ಶೀ?’. ನಿಮಗೆ ಗೊತ್ತಿದ್ದೇ ಕೇಳುತ್ತಿದ್ದರೆ ಕೊನೆಯಲ್ಲಿ ದನಿ ಇಳಿಸಿ, ನಿಜಕ್ಕೂ ಗೊತ್ತಿಲ್ಲದಿದ್ದರೆ ಏರಿಸಿ. ಆ ಕ್ಷಣಕ್ಕೆ ಹೊಳೆಯದಿದ್ದರೆ ‘ರೈಟ್?’ ಅನ್ನಿ. ಮಾತಿನಲ್ಲಿ ಅದು ಎಲ್ಲ ಕಡೆ ನಡೆಯುತ್ತದೆ.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು, ಯಾಕೆಂದರೆ ನಿಜವಾದ ಎಡವಟ್ಟು ಆಗುವುದು ಇಲ್ಲಿ. ‘ಡಿಡಂಟ್ ಯು ಗೆಟ್ ದ ಫೈಲ್?’ ಅಂತ ಕೇಳುತ್ತಾರೆ. ಫೈಲ್ ಬಂದಿಲ್ಲ. ನಾವು ಕನ್ನಡದಲ್ಲಿ ‘ಹೂಂ, ಬಂದಿಲ್ಲ’ ಅನ್ನುತ್ತೇವಲ್ಲ, ಅದೇ ಗುಂಗಿನಲ್ಲಿ ‘ಯೆಸ್’ ಅಂದು ಸುಮ್ಮನಾಗುತ್ತೇವೆ. ಫೋನಿನ ಆ ಕಡೆಯವರು ಫೈಲ್ ಸಿಕ್ಕಿದೆ ಅಂದುಕೊಂಡು ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಪ್ರಶ್ನೆ ಹೇಗೇ ಇರಲಿ, ಸಿಕ್ಕಿದ್ದರೆ ‘ಯೆಸ್’, ಸಿಗದಿದ್ದರೆ ‘ನೋ’. ಒಂದೇ ಪದಕ್ಕೆ ನಿಲ್ಲಿಸಲೂಬೇಡಿ, ‘ನೋ, ಐ ಡಿಡಂಟ್ ಗೆಟ್ ಇಟ್’ ಅಂತ ಪೂರ್ತಿ ಹೇಳಿ.

ಎಲ್ಲವನ್ನೂ ಒಟ್ಟಿಗೆ ತಿದ್ದಿಕೊಳ್ಳಲು ಹೋಗಬೇಡಿ, ಮಾತೇ ತಡವರಿಸುತ್ತದೆ. ಮೊದಲು ಈ ಯೆಸ್-ನೋ ಸರಿ ಮಾಡಿಕೊಳ್ಳಿ. ‘ಓನ್ಲಿ’ ಇನ್ನಷ್ಟು ದಿನ ಇದ್ದರೂ ಪರವಾಗಿಲ್ಲ.