ಪಾದ್ರಿಯ ಸಂಬಳ ಯಾರು ಕೊಡಬೇಕು?

ಓದುಗರ ಪತ್ರ: ಅಮೆರಿಕದಲ್ಲಿ ಧರ್ಮ ಬೇರೆ, ಸರ್ಕಾರ ಬೇರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮಗಳ ಮನೆಗೆಂದು ಡಲ್ಲಾಸ್‌ಗೆ ಹೋದಾಗ ನಾನು ಕಂಡದ್ದೇ ಬೇರೆ. ಡಾಲರ್ ನೋಟಿನ ಮೇಲೆ ದೇವರ ಹೆಸರಿದೆ. ಅಧ್ಯಕ್ಷರು ಬೈಬಲ್ ಮುಟ್ಟಿ ಪ್ರಮಾಣ ಮಾಡುತ್ತಾರೆ. ಧರ್ಮವಿಲ್ಲದೆ ನೀತಿ ನಿಲ್ಲದು ಅಂತ ಮೊದಲ ಅಧ್ಯಕ್ಷ ವಾಷಿಂಗ್ಟನ್ನೇ ಹೇಳಿದ್ದಾನೆ. ಸಂವಿಧಾನ ಬರೆದ ಸಭೆಯೂ ಪ್ರಾರ್ಥನೆ ಮಾಡಿಯೇ ಕೆಲಸ ನಡೆಸಿತಂತೆ. ‘ಧರ್ಮ ಬೇರೆ’ ಅನ್ನೋದು ನಾಸ್ತಿಕರು ಆಮೇಲೆ ಕಟ್ಟಿದ ಕತೆ ಅಲ್ವಾ?
– ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ನೀವು ಕಂಡದ್ದು ಸುಳ್ಳಲ್ಲ. ಆದರೆ ನೋಟನ್ನು ಸಾಕ್ಷಿಗೆ ಕರೆಯಬೇಡಿ. ‘ದೇವರಲ್ಲಿ ನಮ್ಮ ನಂಬಿಕೆ’ ಎಂಬ ಆ ಮಾತು ಮೊದಲು ಬಂದದ್ದು 1864ರಲ್ಲಿ, ಅಂತರ್ಯುದ್ಧದ ನಡುವೆ, ಎರಡು ಸೆಂಟಿನ ನಾಣ್ಯದ ಮೇಲೆ. ಅದು ದೇಶದ ಅಧಿಕೃತ ಘೋಷವಾಕ್ಯವಾದದ್ದು 1956ರಲ್ಲಿ. ನೋಟಿಗೆ ಬಂದದ್ದು ಮರುವರ್ಷ. ದೇವರನ್ನು ಒಪ್ಪದ ಸೋವಿಯತ್ ರಷ್ಯಾದ ಎದುರು ತಾವು ಬೇರೆ ಎಂದು ತೋರಿಸಿಕೊಳ್ಳುವ ಕಾಲ ಅದು. ದೇಶ ಕಟ್ಟಿದವರು ಆಗಲೇ ಮಣ್ಣಾಗಿ ನೂರು ವರ್ಷ ದಾಟಿತ್ತು.

ಬೈಬಲ್ ಮುಟ್ಟುವುದು ಪದ್ಧತಿ, ಕಾನೂನಲ್ಲ. 1789ರಲ್ಲಿ ವಾಷಿಂಗ್ಟನ್ ಮುಟ್ಟಿದ, ಹೆಚ್ಚಿನವರು ಹಾಗೇ ನಡೆಸಿಕೊಂಡು ಬಂದರು. 1825ರಲ್ಲಿ ಜಾನ್ ಕ್ವಿನ್ಸಿ ಆಡಮ್ಸ್ ಕಾನೂನಿನ ಪುಸ್ತಕ ಹಿಡಿದು ಪ್ರಮಾಣ ಮಾಡಿದ. ಸಂವಿಧಾನದಲ್ಲಿ ಅಧ್ಯಕ್ಷರ ಪ್ರಮಾಣವಚನ ಅಕ್ಷರಶಃ ಇದೆ. ಅದರಲ್ಲಿ ದೇವರ ಹೆಸರಿಲ್ಲ. ಸರ್ಕಾರಿ ಹುದ್ದೆಗೆ ಯಾರ ಧರ್ಮವನ್ನೂ ಕೇಳುವಂತಿಲ್ಲ ಎಂದು ಆರನೇ ವಿಧಿ ಹೇಳುತ್ತದೆ.

ನಾಸ್ತಿಕರು ಕಟ್ಟಿದ ಕತೆ ಎಂದಿರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಧರ್ಮದಿಂದ ಸರ್ಕಾರ ದೂರ ಇರಲಿ ಎಂದು ಗಂಟಲು ಹರಿದುಕೊಂಡವರಲ್ಲಿ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಪಾದ್ರಿಗಳೇ ಮುಂದಿದ್ದರು. ಬೈಬಲ್ಲನ್ನು ಎದೆಗೆ ಅಪ್ಪಿಕೊಂಡ ಜನ ಅವರು.

ವರ್ಜೀನಿಯಾವನ್ನೇ ನೋಡಿ. ಸ್ವಾತಂತ್ರ್ಯಕ್ಕೆ ಮುಂಚೆ ಅಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚು. ಅದರ ಪಾದ್ರಿಗೆ ಸಂಬಳ ಹೊಗೆಸೊಪ್ಪಿನಲ್ಲಿ, ವರ್ಷಕ್ಕೆ 16,000 ಪೌಂಡ್. ಅಂದರೆ ಏಳು ಟನ್ನಿಗೂ ಜಾಸ್ತಿ! ಆ ಚರ್ಚಿನ ಮೆಟ್ಟಿಲು ಹತ್ತದವನೂ ಇದಕ್ಕೆ ತೆರಿಗೆ ಕೊಡಬೇಕಿತ್ತು. ಪರವಾನಗಿ ಇಲ್ಲದೆ ಬೋಧನೆ ಮಾಡಿದ ಬ್ಯಾಪ್ಟಿಸ್ಟರಿಗೆ ಜೈಲು. ಜೇಮ್ಸ್ ಐರ್ಲೆಂಡ್ ಎಂಬ ಬೋಧಕನನ್ನು ಕಲ್ಪೆಪರ್‌ನ ಜೈಲಿಗೆ ಹಾಕಿದರು. ಆತ ಕಿಟಕಿಯ ಸರಳು ಹಿಡಿದು ಹೊರಗೆ ನಿಂತವರಿಗೆ ಬೋಧನೆ ಮುಂದುವರಿಸಿದ. ಬಾಯಿ ಮುಚ್ಚಿಸಲು ಗಂಧಕ, ಮೆಣಸಿನಕಾಯಿ ಸುಟ್ಟು ಒಳಗೆ ಹೊಗೆ ಬಿಟ್ಟರು ಎಂದು ಆತನೇ ಬರೆದಿಟ್ಟಿದ್ದಾನೆ. ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ ಸೀದರೇ ನಾವು ಮನೆಯಿಂದ ಆಚೆ ಓಡುತ್ತೇವೆ. ಅವನಿಗೆ ಓಡಲು ಜಾಗವೇ ಇರಲಿಲ್ಲ. ಹೊಗೆ ಹಾಕಿದವರೂ ಕ್ರೈಸ್ತರೇ, ಕೆಮ್ಮಿದವನೂ ಕ್ರೈಸ್ತನೇ.

1774ರಲ್ಲಿ ಜೇಮ್ಸ್ ಮ್ಯಾಡಿಸನ್‌ಗೆ ಇಪ್ಪತ್ತೆರಡು ವರ್ಷ. ಪಕ್ಕದ ಕೌಂಟಿಯಲ್ಲಿ ಐದಾರು ಜನ ಸಜ್ಜನರು ತಮ್ಮ ನಂಬಿಕೆ ಹೇಳಿದ್ದಕ್ಕೇ ಜೈಲಿನಲ್ಲಿದ್ದಾರೆ ಎಂದು ಗೆಳೆಯನಿಗೆ ಸಿಟ್ಟಿನಿಂದ ಪತ್ರ ಬರೆದ. ಮುಂದೆ, ಸಂಸತ್ತು ಯಾವ ಧರ್ಮವನ್ನೂ ಸರ್ಕಾರಿ ಧರ್ಮ ಮಾಡುವಂತಿಲ್ಲ ಎನ್ನುವ ಸಂವಿಧಾನದ ಮೊದಲ ತಿದ್ದುಪಡಿಯ ಕರಡು ತಂದವನು ಇವನೇ.

ನಡುವೆ 1784ರಲ್ಲಿ ವರ್ಜೀನಿಯಾದ ನಾಯಕ ಪ್ಯಾಟ್ರಿಕ್ ಹೆನ್ರಿ ಅಲ್ಲಿನ ಶಾಸನಸಭೆಯಲ್ಲಿ ಒಂದು ಮಸೂದೆಯ ಬೆನ್ನಿಗೆ ನಿಂತ. ಯುದ್ಧದ ನಂತರ ಜನರ ನಡತೆ ಕೆಟ್ಟಿದೆ, ಕ್ರೈಸ್ತ ಬೋಧಕರಿಗಾಗಿ ತೆರಿಗೆ ಹಾಕೋಣ, ಹಣ ಯಾವ ಪಂಥಕ್ಕೆ ಹೋಗಬೇಕೋ ಕೊಡುವವನೇ ಆರಿಸಲಿ ಎಂಬುದು ವಾದ. ಮೇಲ್ನೋಟಕ್ಕೆ ನ್ಯಾಯವಾಗಿಯೇ ಇದೆ, ಅಲ್ವಾ? ವಾಷಿಂಗ್ಟನ್‌ಗೂ ಅದು ದೊಡ್ಡ ತಪ್ಪು ಅನ್ನಿಸಲಿಲ್ಲ. ಗಲಾಟೆ ಎಬ್ಬಿಸುತ್ತದೆ, ಬಿಟ್ಟುಬಿಟ್ಟರೆ ವಾಸಿ ಎಂದನಷ್ಟೆ. ಮ್ಯಾಡಿಸನ್ 1785ರಲ್ಲಿ ಮನವಿ ಬರೆದು ವಿರೋಧಿಸಿದ. ಇವತ್ತು ಎಲ್ಲ ಧರ್ಮಗಳನ್ನು ಬಿಟ್ಟು ಕ್ರೈಸ್ತ ಧರ್ಮವನ್ನು ಎತ್ತಿಹಿಡಿಯುವ ಸರ್ಕಾರ ನಾಳೆ ಅದರಲ್ಲೇ ಒಂದು ಪಂಥವನ್ನು ಎತ್ತಿಹಿಡಿಯಬಹುದು ಎಂದ. ಈ ಧರ್ಮ ಶುರುವಿನಲ್ಲಿ ಬೆಳೆದದ್ದೇ ಸರ್ಕಾರದ ನೆರವಿಲ್ಲದೆ, ಅದರ ಏಟು ತಿಂದುಕೊಂಡು ಎಂದೂ ನೆನಪಿಸಿದ. ಬ್ಯಾಪ್ಟಿಸ್ಟರ ಅರ್ಜಿಗಳೂ ಬಂದು ಬಿದ್ದವು. ಮಸೂದೆ ಬಿದ್ದುಹೋಯಿತು. 1786ರ ಜನವರಿಯಲ್ಲಿ, ಮುಂದೆ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಬರೆದಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ ಪಾಸಾಯಿತು. ಅದರ ಪೀಠಿಕೆಯಲ್ಲಿ ಯೇಸುವಿನ ಹೆಸರು ಸೇರಿಸಬೇಕೆಂಬ ಸೂಚನೆಯೂ ಸೋತಿತು.

ಇನ್ನು 1802ರ ಜನವರಿ 1. ನನಗೆ ತುಂಬಾ ಇಷ್ಟವಾದ ದಿನ ಇದು. ಮ್ಯಾಸಚೂಸೆಟ್ಸ್‌ನ ಚೆಶೈರ್ ಎಂಬ ಊರಿನ ಬ್ಯಾಪ್ಟಿಸ್ಟರು ಒಂದು ಚೀಸ್ ಮಾಡಿ ಅಧ್ಯಕ್ಷ ಜೆಫರ್ಸನ್‌ಗೆ ಕಳಿಸಿದ್ದರು. ತೂಕ 1,235 ಪೌಂಡ್, ಸುಮಾರು 560 ಕಿಲೋ. ಗುಲಾಮರ ಬೆವರಿಲ್ಲದೆ ಮಾಡಿದ್ದು ಎಂಬ ಹೆಮ್ಮೆ ಬೇರೆ. ಅವರ ಪಾದ್ರಿ ಜಾನ್ ಲೀಲೆಂಡ್ ಅದನ್ನು ಅಷ್ಟು ದೂರದಿಂದ ತಂದು ಅವತ್ತು ಒಪ್ಪಿಸಿದ. ಜೆಫರ್ಸನ್ ಅದೇ ದಿನ ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಉತ್ತರ ಬರೆದ. ನಮ್ಮ ಧರ್ಮದ ಸ್ವಾತಂತ್ರ್ಯ ಈ ರಾಜ್ಯದಲ್ಲಿ ಹಕ್ಕಲ್ಲ, ಬರೀ ಕೃಪೆ ಎಂಬುದು ಅವರ ದೂರು. ಚರ್ಚಿಗೂ ರಾಜ್ಯಕ್ಕೂ ನಡುವೆ ಗೋಡೆ ಎಂಬ ಹೆಸರುವಾಸಿ ಮಾತು ಇರುವುದು ಆ ಉತ್ತರದಲ್ಲೇ. ಎರಡು ದಿನ ಬಿಟ್ಟು, ಭಾನುವಾರ, ಸಂಸತ್ತಿನ ಸಭಾಂಗಣದಲ್ಲೇ ಲೀಲೆಂಡ್ ಪ್ರವಚನ ಮಾಡಿದ. ಜೆಫರ್ಸನ್ ಹೋಗಿ ಕುಳಿತು ಕೇಳಿದ! ನಿಮ್ಮ ಪಕ್ಷದವರೂ ನನ್ನ ಪಕ್ಷದವರೂ ಆ ಒಂದು ವಾರವನ್ನು ತಮಗೆ ಬೇಕಾದಷ್ಟೇ ಕತ್ತರಿಸಿಕೊಳ್ಳುತ್ತಾರೆ.

ವಾಷಿಂಗ್ಟನ್ ಮಾತು ನಿಜ. 1796ರ ವಿದಾಯ ಭಾಷಣದಲ್ಲಿದೆ. ನಮ್ಮ ಸಂವಿಧಾನ ನೀತಿವಂತ, ಧರ್ಮವಂತ ಜನರಿಗೆ ಮಾತ್ರ ಎಂದು ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಕೂಡ 1798ರಲ್ಲಿ ಬರೆದ. ಅದೇ ಆಡಮ್ಸ್ ಹಿಂದಿನ ವರ್ಷ ಉತ್ತರ ಆಫ್ರಿಕಾದ ಮುಸ್ಲಿಂ ರಾಜ್ಯ ಟ್ರಿಪೊಲಿಯ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದ್ದ. ಅಮೆರಿಕದ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತ ಧರ್ಮದ ಮೇಲೆ ನಿಂತದ್ದಲ್ಲ ಎಂದು ಅದರ ಹನ್ನೊಂದನೇ ವಿಧಿ. ಸೆನೆಟ್‌ನಲ್ಲಿ ಒಂದು ಮತವೂ ವಿರುದ್ಧ ಬೀಳಲಿಲ್ಲ. ಜನಕ್ಕೆ ಧರ್ಮ ಬೇಕು ಎನ್ನುವುದರಲ್ಲಿ ಇವರಲ್ಲಿ ಹೆಚ್ಚಿನವರಿಗೆ ಅನುಮಾನ ಇರಲಿಲ್ಲ. ಅದನ್ನು ಸಾಕುವ ಖರ್ಚು ಸರ್ಕಾರದ್ದಾ ಎನ್ನುವುದಕ್ಕೇ ಜಗಳ. ಮೊದಲ ತಿದ್ದುಪಡಿ ಆಗ ರಾಜ್ಯಗಳ ಕೈ ಕಟ್ಟಿರಲಿಲ್ಲ, ಹಾಗಾಗಿ ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚಿನ ತೆರಿಗೆ 1833ರವರೆಗೂ ನಡೆಯಿತು.

ನೀತಿಯ ಲೆಕ್ಕ ಇನ್ನೂ ಕಹಿ. ವರ್ಜೀನಿಯಾದಲ್ಲಿದ್ದಾಗ ಲೀಲೆಂಡ್ ಗುಲಾಮಗಿರಿಯ ವಿರುದ್ಧ ಬ್ಯಾಪ್ಟಿಸ್ಟರಿಂದ ಒಂದು ನಿರ್ಣಯ ಮಾಡಿಸಿದ್ದ. ಆದರೆ 1845ರಲ್ಲಿ ಅವರೇ ಒಡೆದು ಎರಡಾದರು. ಗುಲಾಮರನ್ನು ಇಟ್ಟುಕೊಂಡವನು ಮಿಷನರಿ ಆಗಬಹುದಾ ಎಂಬುದೇ ಜಗಳದ ಮೂಲ. ಇಬ್ಬರ ಕೈಯಲ್ಲೂ ಬೈಬಲ್ಲೇ ಇತ್ತು. ಧರ್ಮ ಇದ್ದರೆ ನೀತಿ ತಾನಾಗಿ ಬರುತ್ತದೆ ಎನ್ನುವವರು ಇದನ್ನು ಸುಮ್ನೆ ದಾಟಿ ಹೋಗುವ ಹಾಗಿಲ್ಲ.

ಕೊನೆಗೆ ಆ ಪ್ರಾರ್ಥನೆಯ ಮಾತು. 1787ರ ಜೂನ್ 28ರಂದು ಸಂವಿಧಾನ ಬರೆಯುತ್ತಿದ್ದ ಸಭೆ ಜಗಳದಲ್ಲಿ ಸಿಕ್ಕಿಕೊಂಡಾಗ, ದಿನಾ ಪ್ರಾರ್ಥನೆಯಿಂದ ಶುರು ಮಾಡೋಣ ಎಂದವನು ಎಂಬತ್ತೊಂದರ ಬೆಂಜಮಿನ್ ಫ್ರಾಂಕ್ಲಿನ್. ಪಾದ್ರಿಗೆ ಕೊಡಲು ನಮ್ಮ ಹತ್ತಿರ ದುಡ್ಡಿಲ್ಲ ಎಂದ ಒಬ್ಬ ಸದಸ್ಯ. ಮತಕ್ಕೆ ಹಾಕದೆಯೇ ಸಭೆ ಎದ್ದಿತು. ಮೂರು ನಾಲ್ಕು ಜನ ಬಿಟ್ಟರೆ ಉಳಿದವರಿಗೆ ಪ್ರಾರ್ಥನೆ ಬೇಡವಾಗಿತ್ತು ಎಂದು ಫ್ರಾಂಕ್ಲಿನ್ನೇ ಗುರುತು ಹಾಕಿಟ್ಟಿದ್ದಾನೆ. 1789ರಲ್ಲಿ ಹೊಸ ಸಂಸತ್ತು ಮಾತ್ರ ವರ್ಷಕ್ಕೆ 500 ಡಾಲರ್ ಸಂಬಳಕ್ಕೆ ಪಾದ್ರಿಗಳನ್ನು ಇಟ್ಟುಕೊಂಡಿತು. ಅದೂ ತಪ್ಪು ಎಂದು ಮ್ಯಾಡಿಸನ್ ವಯಸ್ಸಾದ ಮೇಲೆ ಬರೆದ. ಆ ಸಂಬಳ ಈಗಲೂ ನಡೆಯುತ್ತಿದೆ.