ದಾನಕ್ಕೆ ಕೊಟ್ಟ ಎಸ್‌ಯುವಿ ಬೇಡ ಅಂದರೆ
ದೊಡ್ಡ ಟೈರು, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಯಂತ್ರ) ಹಾಕಿಸಿ, ಸಸ್ಪೆನ್ಷನ್ (ಚಕ್ರದ ಮೇಲಿನ ಸ್ಪ್ರಿಂಗ್ ವ್ಯವಸ್ಥೆ) ಎತ್ತರಿಸಿದ, ಚೆನ್ನಾಗಿ ಓಡುವ ಆಫ್‌ರೋಡ್ ಎಸ್‌ಯುವಿಯನ್ನು ದಾನ ಕೊಡಲು ಹೋದರೆ ಸಂಸ್ಥೆ ಬೇಡ ಅಂದಿತು, ಯಾಕೆ ಅಂತ ಕೇಳಿದ್ದಿರಲ್ಲ, ಕಾರಣ ಬಹುಶಃ ಆ ಟೈರು, ಸಸ್ಪೆನ್ಷನ್. ಗಾಡಿಯ ನೋಂದಣಿ ದಾಖಲೆಯಲ್ಲಿ ಇಲ್ಲದ ಬದಲಾವಣೆ ಇದ್ದರೆ ವಿಮೆ, ಹೆಸರು ವರ್ಗಾವಣೆ ಎರಡಕ್ಕೂ ತಕರಾರು ಬರಬಹುದು. ನನ್ನ ಗಾಡಿಗೂ ಇದೇ ಆಗಿತ್ತು.

ಮೊದಲು ಸಂಸ್ಥೆಯವರನ್ನು ಕೇಳಿ: ಗಾಡಿಯನ್ನು ಅವರೇ ಓಡಿಸುತ್ತಾರಾ, ಮಾರುತ್ತಾರಾ? ಮಾರುವುದಾದರೆ ಇದ್ದ ಹಾಗೇ ಒಪ್ಪಿದರೂ ಒಪ್ಪಬಹುದು. ಓಡಿಸುವುದಾದರೆ ಹಳೆಯ ಚಕ್ರ, ಸ್ಪ್ರಿಂಗ್ ವಾಪಸ್ ಹಾಕಿಸಿ. ವಿಂಚ್ ಸುಮ್ನೆ ಬಿಟ್ಟುಕೊಡಬೇಡಿ, ಬಿಚ್ಚಿ ಬೇರೆ ಮಾರಿ ಆ ದುಡ್ಡನ್ನೇ ಕೊಡಬಹುದು, ಅವರಿಗೆ ಅದೇ ಜಾಸ್ತಿ ಉಪಯೋಗ. ಸಾಲ ಬಾಕಿ ಇದ್ದರೆ ತೀರಿಸಿ. ಆಮೇಲೆ ವರ್ಗಾವಣೆ ಅರ್ಜಿಗೆ ಇಬ್ಬರೂ ಸಹಿ ಹಾಕಿ, ಅರ್ಜಿ ಕೊಟ್ಟ ರಸೀದಿ ಕೈಗೆ ಬಂದ ಮೇಲೆಯೇ ಕೀ ಕೊಡಿ. ಇಲ್ಲದಿದ್ದರೆ ಅವರು ಕಟ್ಟಬೇಕಾದ ದಂಡದ ಚೀಟಿ ನಿಮ್ಮ ಮನೆಗೇ ಬರುತ್ತದೆ.